ಎಡಗಿವಿಯ ಬೆಸುಗೆ

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ನಾನೂ ನನ್ನ ಗೆಳೆಯನೂ ಒಂದೇ ವಿಭಾಗದಲ್ಲಿದ್ದೆವು. ಮೀಟರು, ಗೇಜು ರಿಪೇರಿ ಮಾಡುವ ಕೆಲಸ. ಕ್ವಾರ್ಟರ್ಸ್ ಕೂಡ ಒಂದೇ ಸಾಲಿನಲ್ಲಿ, ನಡುವೆ ಮೂರು ಮನೆ. ರೇಡಿಯೊ, ಟೇಪ್‌ರೆಕಾರ್ಡರ್ ಕೆಟ್ಟರೆ ಸಾಲಿನವರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನು ಹಾಡು ಕೇಳಲು ಒಂದು ಸರ್ಕ್ಯೂಟ್ ಬೋರ್ಡು ಮಾಡಿದ. ಆಮೇಲೆ ಜನ ಅವನ ಬಾಗಿಲಿಗೆ ತಿರುಗಿದರು.

ಸಿ.ಡಿ.ಯಲ್ಲಿ ಹಾಡು ಅಂಕಿಗಳಾಗಿ ಕೂತಿರುತ್ತದೆ. ಅಂಕಿಗಳನ್ನು ಮತ್ತೆ ದನಿ ಮಾಡುವ ಕೆಲಸ ಪ್ಲೇಯರಿನ ಒಳಗೇ ಹೇಗೋ ಮುಗಿದುಹೋಗುತ್ತದೆ. ಅವನು ಅದಕ್ಕಾಗಿಯೇ ಅಂಗೈಯಗಲದ ಬೇರೆ ಬೋರ್ಡು ಕಟ್ಟಿದ. ಚಿಪ್ ಮುಂಬೈಯಿಂದ ತರಿಸಿದ್ದ, ಟ್ರಾನ್ಸ್‌ಫಾರ್ಮರ್ ಹುಬ್ಬಳ್ಳಿಯಿಂದ. ಹೆಡ್‌ಫೋನ್ ನನ್ನ ತಲೆಗೆ ಏರಿಸಿ, "ಹೆಂಗೈತಿ?" ಅಂದ. ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆಯಾಗಿ ಕೇಳುತ್ತಿದ್ದವು. "ಅಡ್ಡಿಯಿಲ್ಲ" ಅಂದೆ. ಅವತ್ತು ಊಟ ಸೇರಲಿಲ್ಲ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಅಪ್ಪನೂ ಅಲ್ಲಿಗೆ ಹೋಗತೊಡಗಿದ. ನಮ್ಮದು ಮುಂಡಗೋಡ ಕಡೆಯ ಚಿಗಳ್ಳಿ. ಅಲ್ಲಿ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದವ ಅಪ್ಪ. ದಾಂಡೇಲಿಗೆ ಬಂದು ಇದೇ ಕಾರ್ಖಾನೆಯಲ್ಲಿ, ಕಾಗದದ ಯಂತ್ರದ ಬುಡದಲ್ಲಿ ನಿಂತು ದುಡಿದು ನಿವೃತ್ತನಾಗಿದ್ದ. ದಿನಾ ಸಂಜೆ ಚಹಾ ಕುಡಿದು, ಟೋಪಿ ಇಟ್ಟುಕೊಂಡು, ನನ್ನ ಮುಂದೆಯೇ ಗೆಳೆಯನ ಮನೆಗೆ ಹೊರಡುತ್ತಿದ್ದ. ಗೆಳೆಯ ಸೆಕೆಂಡ್ ಶಿಫ್ಟಿನಲ್ಲಿದ್ದರೆ ಅವನ ಹೆಂಡತಿಯೇ ಸಿ.ಡಿ. ಹಾಕಿಕೊಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಅಪ್ಪ ಗಂಟೆಗಟ್ಟಲೆ ಒಬ್ಬನೇ ಕೂತು ಕೇಳುತ್ತಿದ್ದ.

ನಾನೂ ಒಂದು ಬೋರ್ಡು ಕಟ್ಟಿದೆ. ಅಪ್ಪನನ್ನು ಕೂರಿಸಿ ಕೇಳಿಸಿದೆ. ಐದು ನಿಮಿಷ ಕೇಳಿ, "ಛಲೋ ಐತಿ. ಹಿಂದ ಏನೋ ಗುಂಯ್ ಅಂತೈತಿ ನೋಡು" ಅಂದು ಹೆಡ್‌ಫೋನ್ ತೆಗೆದಿಟ್ಟ. ಕೆಪ್ಯಾಸಿಟರ್ ಬದಲಿಸಿದೆ, ಸರ್ಕ್ಯೂಟನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ಗುಂಯ್ ಹೋಗಲಿಲ್ಲ. ಗೆಳೆಯನನ್ನು ಕೇಳಿದ್ದರೆ ಹೇಳುತ್ತಿದ್ದ. ಕೇಳುವುದಕ್ಕೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಅವನು ಇನ್ನೂ ಒಳ್ಳೆಯ ಚಿಪ್ ತರಿಸಿದ. ಅಕ್ಕಿಕಾಳಿಗಿಂತ ಸಣ್ಣ ಇಪ್ಪತ್ತೆಂಟು ಕಾಲು. ಬೋರ್ಡು ಹಿಡಿದುಕೊಂಡು ನಮ್ಮ ಮನೆಗೇ ಬಂದ.

"ದೋಸ್ತ್, ಈ ಕಾಲು ನನಗ ಕಾಣಂಗಿಲ್ಲ. ನಿನ್ನ ಕೈ ಬಾಳ ಸೂಕ್ಷ್ಮ. ನೀನ ಹಚ್ಚಿಕೊಡು."

ಇಪ್ಪತ್ತೇಳು ಕಾಲುಗಳನ್ನು ಮುತ್ತು ಪೋಣಿಸಿದಂತೆ ಬೆಸೆದೆ. ಎಡಬದಿಯ ದನಿ ಹೊರಬರುವ ಒಂದು ಕಾಲಿಗೆ ಮಾತ್ರ ಕಾವು ಸಾಲದಂತೆ ನೋಡಿಕೊಂಡೆ. ಬೆಸುಗೆ ಮೇಲೆ ಕೂತಿತ್ತು, ಒಳಗೆ ಹಿಡಿದಿರಲಿಲ್ಲ. ಚಿಪ್ ಬಿಸಿಯಾದ ಮೇಲೆ ಅದು ಕೈಕೊಡುತ್ತದೆಂದು ನನಗೆ ಗೊತ್ತಿತ್ತು. ನಾಲ್ಕು ಜನ ಕೂತಾಗ ಅವನ ಮರ್ಯಾದೆ ಹೋಗಲಿ ಅಂದುಕೊಂಡೆ.

ದೂರು ಬರುತ್ತದೆಂದು ಕಾದೆ. ಬರಲಿಲ್ಲ. ಅವನಿಗೆ ಆ ವಾರವೆಲ್ಲ ಸೆಕೆಂಡ್ ಶಿಫ್ಟು. ಹೊರಡುವ ಮುಂಚೆ ಹತ್ತು ನಿಮಿಷ ಕೇಳಿ, ಚಿಪ್ ಬಿಸಿಯಾಗುವ ಮೊದಲೇ ಸಂತೋಷಪಟ್ಟು ಹೋಗುತ್ತಿದ್ದನಂತೆ.

ಒಂದು ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ತಲೆ ವಾರೆ ಮಾಡಿಕೊಂಡು ಕೂತಿದ್ದ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ತಾನೇ ಕಿವಿಗೆ ಬಿಟ್ಟುಕೊಳ್ಳುತ್ತಿದ್ದ.

"ಏನಾಗೇತಿ?" ಅಂದೆ.

"ಎಡಗಿವಿ ಹೋತು ಅನಸ್ತೈತಿ. ಹಾಡು ಕೇಳಕೋತ ಕುಂತಾಗ ಪಟ್ಟನ ಬಂದ್ ಆಗ್ತೈತಿ. ಯಂತ್ರದ ಸಪ್ಪಳದಾಗ ಅಷ್ಟ ವರ್ಷ ನಿಂತಿದ್ದು ಈಗ ಎತ್ತಿ ತೋರ್ಸಾಕತ್ತೈತಿ." ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವನ ಮುಂದ ಹೇಳಬ್ಯಾಡ" ಅಂದ.

ಎಣ್ಣೆ ಕೆನ್ನೆಗೆ ಇಳಿಯುತ್ತಿತ್ತು. "ಕಿವಿಗೇನೂ ಆಗಿಲ್ಲಪ್ಪಾ, ಹೆಡ್‌ಫೋನ್ ವೈರು ಸಡಲಾಗಿರಬೇಕು" ಅಂದೆ. ಅಪ್ಪ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡ.

ಅವತ್ತೇ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ಗೆಳೆಯನನ್ನು ನಿಲ್ಲಿಸಿ ಎಲ್ಲ ಹೇಳಿದೆ. ಅವನು ಸೈಕಲ್ಲಿನ ಹ್ಯಾಂಡಲ್ ಬಿಡದೆ ಕೇಳಿದ.

"ಬೇಕಂತ ಮಾಡಿದಿ?"

"ಹೂಂ."

"ಯಾಕ?"

"ಅಪ್ಪ ನಿನ್ನ ಮನಿಗೆ ಬರ್ತಾನಲ್ಲ, ಅದಕ್ಕ."

ಬಯ್ಯಲಿಲ್ಲ. "ರವಿವಾರ ಬಂದು ಸರಿ ಮಾಡು" ಅಂದಷ್ಟೇ ಹೇಳಿ ಒಳಗೆ ಹೋದ.

ರವಿವಾರ ಅವನ ಕಣ್ಣೆದುರೇ ಆ ಕಾಲನ್ನು ಮತ್ತೆ ಬೆಸೆದೆ. ಅವನು ಭೂತಗನ್ನಡಿ ಹಿಡಿದು ಒಂದೊಂದೇ ಕಾಲು ಪರೀಕ್ಷೆ ಮಾಡಿದ, ಮಾಡಬೇಕಾದ್ದೇ. ಆಮೇಲೆ ಅಪ್ಪನನ್ನು ಕರೆದು ಕೂರಿಸಿದ. ಅರ್ಧ ಗಂಟೆಯಾಯಿತು. ಅಪ್ಪ ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದು ಕಾಯುತ್ತಿದ್ದ. ಎಡಗಡೆಯ ದನಿ ನಿಲ್ಲಲಿಲ್ಲ. ಅಪ್ಪನ ಕಣ್ಣು ತುಂಬಿ ಬಂತು.

"ತಮ್ಮಾ, ನನ್ನ ಕಿವಿ ತಿರಗಿ ಕೊಟ್ಟಿ ನೋಡು" ಅಂತ ಗೆಳೆಯನ ಕೈ ಹಿಡಿದುಕೊಂಡ.

ಗೆಳೆಯ ನನ್ನ ಕಡೆ ನೋಡಿದ. ಈಗ ಹೇಳಿಬಿಡುತ್ತಾನೆ ಅಂದುಕೊಂಡೆ.

"ನಾ ಅಲ್ರಿ ಕಾಕಾ. ಬೋರ್ಡಿನ ದೋಷ ಹುಡುಕಿ ಸರಿ ಮಾಡಿದಾಂವ ನಿಮ್ಮ ಮಗ."

ಅಪ್ಪ ನನ್ನ ಬೆನ್ನು ತಟ್ಟಿದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ನಾಚಿಕೆಯ ಕೆಳಗೂ ಹೊಟ್ಟೆ ಉರಿಯುತ್ತಲೇ ಇತ್ತು: ಇಂಥ ಮಾತನ್ನೂ ಇವನೇ ಆಡಬೇಕಾಯಿತಲ್ಲ! ಅವನ ಜಾಗದಲ್ಲಿ ನಾನಿದ್ದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ.

ಅಪ್ಪನಿಗೆ ಕೊನೆವರೆಗೂ ನಿಜ ಹೇಳಲಿಲ್ಲ. ಗೆಳೆಯ ಆಮೇಲೆ ನನ್ನ ಕೈಗೆ ಬೋರ್ಡು ಕೊಡಲಿಲ್ಲ. ಕೆಲಸದಲ್ಲಿ ಮಾತ್ರ ಎಂದಿನಂತೆ ಮಾತಾಡಿಸುತ್ತಿದ್ದ.