ಟೆಸ್ಟ್ ಡ್ರೈವ್ ತಿರುವನಂತಪುರದವರೆಗೆ

ಹಳೆಯ ಜರ್ಮನ್ ಸ್ಪೋರ್ಟ್ಸ್ ಸೆಡಾನ್ ಕೊಂಡರೆ ಬಿಡಿಭಾಗಕ್ಕೆ ಅಲೆದೇ ಸವೆಯುತ್ತೀ ಎಂದು ಆಫೀಸಿನವರೆಲ್ಲ ಹೆದರಿಸಿದ್ದರು. ಓಡಿಸಿಯಾದರೂ ನೋಡೋಣವೆಂದು ಒಂದು ಭಾನುವಾರ ಬೆಳಿಗ್ಗೆ ಕೊಚ್ಚಿಯಿಂದ ತ್ರಿಪ್ಪುಣಿತ್ತುರಕ್ಕೆ ಹೋದೆ. ಕಾರು ಮಾರುತ್ತಿದ್ದವರು ನಿವೃತ್ತ ಟೀಚರ್. ಅದನ್ನು ಓಡಿಸುತ್ತಿದ್ದ ಅವರ ಪತಿ ತೀರಿಕೊಂಡಿದ್ದರು. ಕೀಲಿ ನನ್ನ ಕೈಗಿಟ್ಟು, ಉಪ್ಪಿನಕಾಯಿ ಭರಣಿಯೊಂದನ್ನು ಹಿಡಿದು ಟೀಚರ್ ಪಕ್ಕದಲ್ಲೇ ಕುಳಿತರು.

"ಊರೊಳಗೆ ಓಡಿಸಿದರೆ ಇದರ ಗುಣ ತಿಳಿಯುವುದಿಲ್ಲ ಮಗಳೇ. ತಿರುವನಂತಪುರಕ್ಕೆ ಹೋಗಿ ಬರೋಣ. ಅಲ್ಲಿ ನನ್ನ ಅಕ್ಕನ ಮನೆಯಿದೆ."

ಇಷ್ಟು ದೂರದ ಟೆಸ್ಟ್ ಡ್ರೈವ್ ನಾನು ಕೇಳಿರಲಿಲ್ಲ. ಆದರೆ ಆಲಪ್ಪುಳದ ಬೈಪಾಸಿನಲ್ಲಿ, ಪಕ್ಕದಲ್ಲೇ ಸಮುದ್ರ ಕಾಣುತ್ತಿರುವಾಗ, ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದೇ ತಡ ಕಾರು ಚಿಮ್ಮಿತು. ನನಗೆ ನಗು ತಡೆಯಲಾಗಲಿಲ್ಲ. ಟೀಚರೂ ನಕ್ಕರು.

ಬಾಗಿಲು ತೆರೆದ ಅಕ್ಕ ನನ್ನನ್ನು ನೋಡಿ, "ಈ ಸಲ ಹುಡುಗಿಯಾ? ಹೋದ ಸಲ ಬಂದವನು ಊಟವನ್ನೇ ಮಾಡಲಿಲ್ಲ" ಎಂದರು. ಟೀಚರ್ ನನ್ನ ಮುಖ ನೋಡದೆ ಸೀದಾ ಅಡುಗೆಮನೆಗೆ ನಡೆದರು.

ವಾಪಸು ಬರುವಾಗ ಕೇಳಿದೆ, "ಟೀಚರ್, ನಿಮಗೆ ನಿಜವಾಗಿ ಕಾರು ಮಾರುವ ಮನಸ್ಸಿದೆಯಾ?"

"ಮಾರಿಬಿಟ್ಟರೆ ಅಕ್ಕನ ಮನೆಗೆ ನನ್ನನ್ನು ಯಾರು ಕರೆದುಕೊಂಡು ಹೋಗುತ್ತಾರೆ?"

"ನಾನು" ಎಂದೆ. ಕೊಳ್ಳುವುದೋ ಬೇಡವೋ ಎಂಬ ಯೋಚನೆ ಅಲ್ಲಿಗೇ ಮುಗಿಯಿತು.

ಮನೆಗೆ ಬಂದಾಗ ಗಂಡ ಎಂಜಿನ್ ಹೇಗಿದೆ ಎಂದು ಕೇಳಿದ. ನಾನು ಅಕ್ಕ ಬಡಿಸಿದ ಪಾಯಸದ ವಿಷಯ ಹೇಳಿದೆ. ಬಾನೆಟ್ ತೆರೆದು ನೋಡಿದ್ದರೆ ತಾನೇ ಎಂಜಿನಿನ ವಿಷಯ ಹೇಳಲು?