ಮದಾಮ್ ಹೇಳಿದ್ದು, ನಾನು ಹೇಳಿದ್ದು

ನಾನು ಫ್ರೆಂಚ್ ಕಲಿತದ್ದು ಮಾರ್ಕ್ಸಿಗಾಗಿ. ಬೆಂಗಳೂರಿನ ಕಾಲೇಜಿನಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಫ್ರೆಂಚ್ ತೆಗೆದುಕೊಂಡರೆ ತೊಂಬತ್ತರ ಮೇಲೆ ಗ್ಯಾರಂಟಿ ಎಂದು ಸೀನಿಯರ್‌ಗಳು ಹೇಳಿದ್ದರು. ಆಮೇಲೆ ಆ ಭಾಷೆಯೇ ಹಿಡಿಸಿ, ಇನ್ನೂ ನಾಲ್ಕು ವರ್ಷ ಸಂಜೆಯ ತರಗತಿಗಳಿಗೆ ಹೋದೆ. ಮದುವೆಯಾಗಿ, ಗಂಡನ ಕಂಪನಿ ಅವರನ್ನು ಟೋಕಿಯೋಗೆ ಕಳಿಸಿ, ಕೋಟೋ ವಾರ್ಡಿನ ಇಪ್ಪತ್ತೊಂದನೇ ಮಹಡಿಯ ಮನೆಗೆ ಬಂದ ಮೇಲೆ ಬೇಕಾದದ್ದು ಜಪಾನಿ ಭಾಷೆ. ಅದನ್ನೂ ಐದಾರು ವರ್ಷ ಒದ್ದಾಡಿ ಕಲಿತೆ. ಫ್ರೆಂಚ್ ಮೂಲೆಗೆ ಬಿತ್ತು.

ಮಗಳು ಮೂರನೇ ಕ್ಲಾಸಿಗೆ ಹೋಗತೊಡಗಿದ ವರ್ಷ, ವಾರ್ಡ್ ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಂಡೆ. ಕಾಲುವೆಯ ಪಕ್ಕದ ಒಂದು ವೃದ್ಧಾಶ್ರಮಕ್ಕೆ ಫ್ರೆಂಚ್ ಮಾತಾಡಬಲ್ಲವರು ಬೇಕಾಗಿದ್ದಾರೆ, ವಾರಕ್ಕೆ ಎರಡು ಬೆಳಿಗ್ಗೆ ಬಂದರೆ ಸಾಕು ಎಂದಿತ್ತು. ಮಗಳು ಸ್ಕೂಲಿನಲ್ಲಿರುವ ಹೊತ್ತು. ಮರುದಿನವೇ ಹೋದೆ.

ಅಲ್ಲಿನ ಮುಖ್ಯ ಆರೈಕೆದಾರಿಣಿ ಐವತ್ತು ದಾಟಿದ, ಮೆಲುದನಿಯ ಹೆಂಗಸು. ಎಂಬತ್ತನಾಲ್ಕು ವರ್ಷದ ಒಬ್ಬ ಫ್ರೆಂಚ್ ಹೆಂಗಸು ತಮ್ಮಲ್ಲಿದ್ದಾರೆ, ಐವತ್ತು ವರ್ಷ ಜಪಾನಿನಲ್ಲೇ ಬಾಳಿದವರು, ನಮಗಿಂತ ಚಂದವಾಗಿ ಜಪಾನಿ ಮಾತಾಡುತ್ತಿದ್ದರು ಎಂದರು. ಮರೆವಿನ ಕಾಯಿಲೆ ಬಂದು ಈಗ ಆ ಭಾಷೆಯೇ ಅವರ ಬಾಯಿಂದ ಹೊರಟುಹೋಗಿದೆ. ಉಳಿದಿರುವುದು ಹುಟ್ಟಿನ ಭಾಷೆ.

"ಸ್ನಾನದ ಹೊತ್ತಿಗೆ ಕಿರುಚ್ತಾರೆ," ಎಂದರು ಆಕೆ. "ಒಂದೇ ಮಾತು ಮತ್ತೆ ಮತ್ತೆ ಹೇಳ್ತಾರೆ. ಏನಂತ ನಮಗೆ ಗೊತ್ತಾಗ್ತಿಲ್ಲ."

ಅಂದು ಸ್ನಾನದ ದಿನವೇ. ನಾನು ಬಚ್ಚಲಮನೆಯ ಹೊರಗೆ ನಿಂತು ಕಿವಿಗೊಟ್ಟೆ. ಮೊದಲು ನೀರಿನ ಸದ್ದು, ಆಮೇಲೆ ಒಡಕು ದನಿ. ಅವರು ಕೂಗುತ್ತಿದ್ದದ್ದು ಇಷ್ಟೇ: ಬಾಗಿಲು ಹಾಕಿ, ಇಷ್ಟೊಂದು ಜನ ಯಾಕೆ, ನನ್ನ ಬಟ್ಟೆ ಯಾರ ಹತ್ತಿರ ಇದೆ? ಇದನ್ನು ನಾನು ಜಪಾನಿಯಲ್ಲಿ ಹೇಳಿದಾಗ ಆರೈಕೆದಾರಿಣಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಭಾರದ ಕೆಲಸವೆಂದು ಅವರು ಮೂವರು ಕೂಡಿ ಸ್ನಾನ ಮಾಡಿಸುತ್ತಿದ್ದರು, ಅದರಲ್ಲಿ ಒಬ್ಬ ಗಂಡಸು. ಅಂದಿನಿಂದ ಹೆಂಗಸೊಬ್ಬರೇ ಒಳಗೆ ಹೋಗುವುದು, ದೊಡ್ಡ ಟವೆಲನ್ನು ಮೊದಲಿನಿಂದಲೂ ಅವರ ಕೈಯಲ್ಲೇ ಕೊಟ್ಟಿರುವುದು ಎಂದು ಗೊತ್ತುಮಾಡಿದರು. ಎರಡೇ ವಾರದಲ್ಲಿ ಕಿರುಚಾಟ ನಿಂತಿತು.

ಅಲ್ಲಿ ಎಲ್ಲರೂ ಅವರನ್ನು, ಜಪಾನಿಯರು ಮರ್ಯಾದೆಗೆ ಹಚ್ಚುವ ಸಾನ್ ಸೇರಿಸಿ, ಮದಾಮ್-ಸಾನ್ ಎನ್ನುತ್ತಿದ್ದರು. ನಾನು ಮದಾಮ್ ಎಂದೆ. ನಮ್ಮ ಹಾಗೆ ಫ್ರೆಂಚಿನಲ್ಲೂ ನೀನು, ನೀವು ಎರಡೂ ಇದೆ. ಒಂದು ತಿಂಗಳು ಅವರು ನನ್ನನ್ನು ನೀವು ಎಂದೇ ಕರೆದರು. ಒಂದು ಬೆಳಿಗ್ಗೆ ಅವರ ಉಗುರು ಕತ್ತರಿಸುತ್ತಿದ್ದಾಗ, "ನಿನ್ನ ಕೈ ಬೆಚ್ಚಗಿದೆ," ಎಂದರು. ಅವತ್ತಿನಿಂದ ನೀನು.

ಅವರು ಸಿನಿಮಾ ನಟಿಯಾಗಿದ್ದರೆಂದು ನನಗೆ ತಿಳಿದದ್ದು ಅವರ ಬಾಯಿಂದಲೇ. ಕತೆ ನೇರವಾಗಿ ಬರುತ್ತಿರಲಿಲ್ಲ. ಇವತ್ತು ತಾಯಿಯ ಸುದ್ದಿ, ಮುಂದಿನ ವಾರ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದ ಮುದುಕಿ, ಅದರ ಮುಂದಿನ ವಾರ ಮತ್ತೆ ತಾಯಿ. ನಾನು ಮನೆಗೆ ಬಂದು ಅನ್ನಕ್ಕಿಟ್ಟು ಅದನ್ನೆಲ್ಲ ಸಾಲಾಗಿ ಜೋಡಿಸಿಕೊಳ್ಳುತ್ತಿದ್ದೆ.

ಹುಟ್ಟಿದ್ದು ಸಮುದ್ರದಂಡೆಯ ಒಂದು ಊರಿನಲ್ಲಿ. ತಾಯಿ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸುವವಳು. ಭಾನುವಾರ ಚರ್ಚಿಗೆ ಹೋಗುವಾಗಲೂ ಅವಳ ಕೈಯಿಂದ ವಾಸನೆ ಹೋಗುತ್ತಿರಲಿಲ್ಲವಂತೆ. ಹದಿನೇಳಕ್ಕೆ ಮಗಳು ಪ್ಯಾರಿಸಿಗೆ ಹೋದಳು, ಸಿನಿಮಾದವರಿಗೆ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಸಹಾಯಕ್ಕೆ. ನಟಿಯರ ಕಾಲಬಳಿ ಕೂತು ಲಂಗದ ಅಂಚಿಗೆ ಗುಂಡುಸೂಜಿ ಚುಚ್ಚುವುದು ಕೆಲಸ. ಹಾಗೆ ಕೂತಿದ್ದವಳನ್ನು ಒಬ್ಬ ನಿರ್ದೇಶಕ ನೋಡಿದ. ಮೊದಲ ಚಿತ್ರದಲ್ಲಿ ಬ್ರೆಡ್ ಮಾರುವ ಹುಡುಗಿ, ಎರಡೇ ಮಾತು. ಹತ್ತೊಂಬತ್ತಕ್ಕೆ ಎರಡನೆಯ ಚಿತ್ರ, ಅದರಲ್ಲಿ ನಾಯಕಿ.

ಆ ಎರಡನೆಯ ಚಿತ್ರದಲ್ಲಿ ನದಿಯಿಂದ ಎದ್ದು ಬರುವ ದೃಶ್ಯವೊಂದಿದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆನ್ನು ಮಾತ್ರ ಕಾಣುತ್ತದೆ, ದಡದಲ್ಲಿ ನಾಲ್ಕೇ ಜನ ಇರುತ್ತಾರೆ, ತಿರುಗುವಷ್ಟರಲ್ಲಿ ಬಟ್ಟೆಯವಳು ನಿಲುವಂಗಿ ಹಿಡಿದು ನಿಂತಿರುತ್ತಾಳೆ ಎಂದು ನಿರ್ದೇಶಕ ಮಾತು ಕೊಟ್ಟಿದ್ದ. ಅವಳು ನೀರಿಗಿಳಿದ ಮೇಲೆ ಬಟ್ಟೆಯವಳನ್ನು ಬೇರೆಲ್ಲಿಗೋ ಕಳಿಸಿದ. ತಿರುಗಿ ನೋಡಿದರೆ ದಡದ ಮೇಲೆ ಮೂವತ್ತು ಜನ ಗಂಡಸರು, ಕ್ಯಾಮೆರಾ ಓಡುತ್ತಿದೆ, ನಿಲುವಂಗಿ ಎಲ್ಲೂ ಇಲ್ಲ. ಅವಳು ಎರಡೂ ಕೈಯಿಂದ ಮೈ ಮುಚ್ಚಿಕೊಳ್ಳುತ್ತ ಅದನ್ನೇ ಹುಡುಕಿದಳು. ಅವನಿಗೆ ಬೇಕಾಗಿದ್ದದ್ದು ಆ ಹುಡುಕಾಟ. ಪತ್ರಿಕೆಗಳು ಅದನ್ನು ಅದ್ಭುತ ಅಭಿನಯ ಎಂದು ಬರೆದವು.

ಚಿತ್ರ ಬಿಡುಗಡೆಯಾದ ದಿನ ಇನ್ನೊಂದು ಗೊತ್ತಾಯಿತು. ಅವಳ ಮಾತಿನಲ್ಲಿ ಸಮುದ್ರದೂರಿನ ಎಳೆತ ಇತ್ತು ಎಂದು ಬೇರೊಬ್ಬಳಿಂದ ಡಬ್ಬಿಂಗ್ ಮಾಡಿಸಿದ್ದರು. "ಮೈ ನನ್ನದು, ದನಿ ಅವಳದು," ಎಂದು ಮದಾಮ್ ನಕ್ಕರು.

ಆಮೇಲೆ ಬಂದ ನಿರ್ದೇಶಕರೆಲ್ಲ ಅದೇ ಕೇಳಿದರು: ನದಿ, ಕೆರೆ, ಸ್ನಾನದ ತೊಟ್ಟಿ. ಹತ್ತು ಹನ್ನೆರಡು ವರ್ಷ ಹಾಗೇ ನಡೆಯಿತು. ಮೂವತ್ತೆರಡಕ್ಕೆ ಮದಾಮ್, ಎರಡು ದೇಶದವರು ಸೇರಿ ತೆಗೆಯುವ ಚಿತ್ರವೊಂದಕ್ಕಾಗಿ ಜಪಾನಿಗೆ ಬಂದರು. ಅದು ಅರ್ಧಕ್ಕೇ ನಿಂತಿತು. ಆದರೆ ಅದರ ಧ್ವನಿಮುದ್ರಕ ಅವರಿಗೆ ಸಿಕ್ಕಿದ. ಹೆಂಡತಿ ತೀರಿಕೊಂಡು, ಆರು ವರ್ಷದ ಮಗನನ್ನು ಸಾಕುತ್ತಿದ್ದವನು. "ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿಕೊಂಡು ಕೂರ್ತಿದ್ದ," ಎಂದರು ಮದಾಮ್. "ಸಿನಿಮಾದವರಲ್ಲಿ ನನ್ನನ್ನ ನೋಡದೆ ಕೇಳಿಸಿಕೊಂಡವನು ಅವನೊಬ್ಬನೇ." ಅವನನ್ನು ಮದುವೆಯಾಗಿ ಇಲ್ಲೇ ಉಳಿದರು. ಕಾಫಿ ಜಾಹೀರಾತು, ಟೀವಿ ನಾಟಕಗಳಲ್ಲಿ ಬೇಗ ಸಾಯುವ ವಿದೇಶಿ ಹೆಂಡತಿಯ ಪಾತ್ರ, ಅದೂ ಮುಗಿದ ಮೇಲೆ ಅಕ್ಕಪಕ್ಕದವರಿಗೆ ಫ್ರೆಂಚ್ ಪಾಠ. ಗಂಡ ಹೋಗಿ ಹನ್ನೆರಡು ವರ್ಷವಾಗಿತ್ತು.

ಆ ಮಗನಿಗೆ ಈಗ ಅರವತ್ತರ ಹತ್ತಿರ. ಎರಡು ವಾರಕ್ಕೊಮ್ಮೆ ರೈಲಿನಲ್ಲಿ ಒಂದು ಗಂಟೆ ಕೂತು ಬಂದು, ತಾಯಿಗೆ ಚಮಚದಲ್ಲಿ ಪುಡ್ಡಿಂಗ್ ತಿನ್ನಿಸಿ ಹೋಗುತ್ತಿದ್ದರು. ಮಲತಾಯಿ ಎನ್ನುವ ಶಬ್ದ ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಮೊದಲ ಚಳಿಗಾಲದಲ್ಲಿ ಅವರೊಂದು ಸುದ್ದಿ ತಂದರು. ಹಳೆಯ ಚಿತ್ರಗಳನ್ನು ರಿಪೇರಿ ಮಾಡಿ ಕಾಪಾಡುವ ಸಂಸ್ಥೆಯೊಂದು ತಾಯಿಯ ಆ ಎರಡನೆಯ ಚಿತ್ರವನ್ನು ಸರಿಪಡಿಸಿದೆ, ಟೋಕಿಯೋದ ಪುಟ್ಟ ಥಿಯೇಟರಿನಲ್ಲಿ ತೋರಿಸುತ್ತಾರೆ, ಮದಾಮ್ ಬಂದರೆ ಸನ್ಮಾನ. ಒಮ್ಮೆಯಾದರೂ ಜನ ಎದ್ದು ನಿಂತು ಅಮ್ಮನಿಗೆ ಚಪ್ಪಾಳೆ ಹೊಡೆಯುವುದನ್ನು ನೋಡಬೇಕು ಎಂದರು. ಪಕ್ಕದಲ್ಲಿ ಕೂತು ದುಭಾಷಿ ಕೆಲಸ ಮಾಡಿಕೊಡುತ್ತೀರಾ ಎಂದು ನನ್ನನ್ನು ಕೇಳಿದರು.

ನದಿಯ ಸಂಗತಿ ಅವರಿಗೆ ಗೊತ್ತಿಲ್ಲವೆಂದು ಆ ಕ್ಷಣವೇ ನನಗೆ ತಿಳಿಯಿತು. ಹೇಳಬೇಕಿತ್ತು. ಅರವತ್ತರ ಗಂಡಸಿನ ಎದುರು, ಅವರ ತಾಯಿಯ ಬಗ್ಗೆ ಅಂಥ ಮಾತು ಬಾಯಿಗೆ ಬರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ.

"ಅದು ಅವರ ಫ್ಯಾಮಿಲಿ ಮ್ಯಾಟರ್ ಅಲ್ವಾ," ಎಂದರು ಅವರು. "ನೀನ್ಯಾಕೆ ಮಧ್ಯ ಹೋಗ್ತೀಯ? ಮದಾಮರನ್ನೇ ಕೇಳು. ಹೂಂ ಅಂದ್ರೆ ಕರ್ಕೊಂಡು ಹೋಗು."

ಕೇಳಿದೆ. ನಿಮ್ಮ ಸಿನಿಮಾ ತೋರಿಸುತ್ತಾರಂತೆ, ಹೋಗೋಣವೇ ಎಂದೆ. ಹೋಗೋಣ ಎಂದು ಮದಾಮ್ ಮಗುವಿನ ಹಾಗೆ ತಲೆಯಾಡಿಸಿದರು. ಅದೇ ಬೆಳಿಗ್ಗೆ, ಅಮ್ಮ ಕಾರ್ಖಾನೆಯಿಂದ ಬಂದಳೇ ಎಂದೂ ಎರಡು ಸಲ ಕೇಳಿದ್ದರು. ಯಾವ ಸಿನಿಮಾ ಎಂದು ನಾನು ಹೇಳಲಿಲ್ಲ. ಅವರ ಆ ಒಂದು ತಲೆಯಾಟವನ್ನೇ ಒಪ್ಪಿಗೆ ಎಂದುಕೊಂಡೆ, ನನಗೆ ಅದು ಅನುಕೂಲವಾಗಿತ್ತು.

ಶನಿವಾರದ ಮಧ್ಯಾಹ್ನ. ಅರವತ್ತು ಎಪ್ಪತ್ತು ಜನ ಇದ್ದಿರಬೇಕು. ಗಾಲಿಕುರ್ಚಿಯನ್ನು ಮುಂದಿನ ಸಾಲಿನ ತುದಿಯಲ್ಲಿ ನಿಲ್ಲಿಸಿದರು. ನಾನು ಎಡಕ್ಕೆ, ಮಗ ಬಲಕ್ಕೆ. ಮೊದಲ ಅರ್ಧ ಗಂಟೆ ಮದಾಮ್ ತೆರೆಯ ಮೇಲಿನ ಹುಡುಗಿಯನ್ನು ಕುತೂಹಲದಿಂದ ನೋಡಿದರು, ಯಾರದೋ ಮದುವೆ ವೀಡಿಯೋ ನೋಡುವವರ ಹಾಗೆ. ನದಿ ಬಂದಾಗ ಅವರ ಬೆನ್ನು ನೆಟ್ಟಗಾಯಿತು. ಹುಡುಗಿ ತಿರುಗಿದಳು. ಮದಾಮ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದುಬಿಟ್ಟರು. ಬಚ್ಚಲಮನೆಯ ಬಾಗಿಲಲ್ಲಿ ನಾನು ಮೊದಲ ದಿನ ಕೇಳಿದ್ದ ಅದೇ ಮಾತು, ಅದೇ ದನಿ. ಜನ ತಿರುಗಿ ನೋಡಿದರು. ಹಳೆಯ ನೆನಪಿನಿಂದ ಕಣ್ಣು ತುಂಬಿ ಬಂದಿದೆ ಎಂದುಕೊಂಡಿರಬೇಕು, ಕೆಲವರು ಕಣ್ಣೊರೆಸಿಕೊಂಡರು. ನಾನು ನನ್ನ ಕೋಟು ಬಿಚ್ಚಿ ಕುತ್ತಿಗೆಯಿಂದ ಮೊಣಕಾಲಿನವರೆಗೆ ಹೊದಿಸಿ, ಅವರನ್ನು ಹಿಡಿದುಕೊಂಡು ಕೂತೆ. ಆ ದೃಶ್ಯ ಎರಡು ನಿಮಿಷ ಇರಬಹುದು. ಮಗ ತೆರೆಯನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ತಲೆ ತಗ್ಗಿಸಿದ್ದರು.

ನಾನು ಆಗಲೇ ಕುರ್ಚಿ ತಳ್ಳಿಕೊಂಡು ಹೊರಗೆ ಹೋಗಬೇಕಿತ್ತು. ಕತ್ತಲೆ, ಮೆಟ್ಟಿಲು, ಅಷ್ಟು ಜನರ ಎದುರು ಏಳುವ ಸಂಕೋಚ. ಕೂತೇ ಇದ್ದೆ.

ಚಿತ್ರ ಮುಗಿದು ದೀಪ ಹತ್ತಿತು. ನಿರೂಪಕ ಬಂದು ಮಂಡಿಯೂರಿ ಕೂತು, ಇಷ್ಟು ವರ್ಷಗಳ ಮೇಲೆ ನೋಡಿ ಏನನ್ನಿಸಿತು ಎಂದು ಕೇಳಿ ಮೈಕನ್ನು ಮದಾಮರ ಬಾಯಿಯ ಹತ್ತಿರ ಹಿಡಿದ. ಅವರು ಸ್ಪಷ್ಟವಾಗಿ, ನಿಧಾನವಾಗಿ ಹೇಳಿದರು:

"ಆ ಹುಡುಗಿಗೆ ಬಟ್ಟೆ ಕೊಟ್ಟಿರಾ? ಇಷ್ಟು ಜನ ಇದೀರಿ, ಒಬ್ಬರಾದರೂ ಕೊಟ್ಟಿರಾ?"

ಮೈಕು ನನ್ನ ಕಡೆ ಬಂತು. ಎದುರಿಗೆ ಕಾಯುತ್ತಿದ್ದ ನಗುಮುಖಗಳು. ನಾನು ಜಪಾನಿಯಲ್ಲಿ, ಇದು ತುಂಬಾ ಹಿಂದಿನ ಮಾತು, ನೀವೆಲ್ಲ ನನ್ನನ್ನು ನೆನಪಿಟ್ಟುಕೊಂಡಿದ್ದಕ್ಕೆ ಋಣಿ ಎನ್ನುತ್ತಿದ್ದಾರೆ ಎಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆ ಸದ್ದಿನ ನಡುವೆ ಮದಾಮ್ ನನ್ನ ಕಡೆ ತಿರುಗಿದರು. ಹೋಯಿತೆಂದು ಎಲ್ಲರೂ ಅಂದುಕೊಂಡಿದ್ದ ಜಪಾನಿ ಭಾಷೆಯಲ್ಲಿ, ತಪ್ಪಿಲ್ಲದೆ ಹೇಳಿದರು:

"ನಾನು ಹಾಗೆ ಹೇಳಲಿಲ್ಲ."

ಮೈಕು ಅಷ್ಟರಲ್ಲಿ ದೂರ ಹೋಗಿತ್ತು. ಕೇಳಿಸಿದ್ದು ನನಗೆ, ಮತ್ತು ಬಲಗಡೆ ಕೂತಿದ್ದ ಮಗನಿಗೆ.

ಹೊರಗೆ ಟ್ಯಾಕ್ಸಿಗೆ ಕಾಯುವಾಗ, ಅಮ್ಮ ನಿಜವಾಗಿ ಹೇಳಿದ್ದೇನು ಎಂದು ಮಗ ಕೇಳಿದರು. ನಾನು ಎಲ್ಲ ಹೇಳಿದೆ. ನದಿ, ನಿಲುವಂಗಿ, ಸ್ನಾನದ ಕಿರುಚಾಟ, ನನಗೆ ಮೊದಲೇ ಗೊತ್ತಿದ್ದದ್ದು, ನಾನು ಮೈಕಿನಲ್ಲಿ ಸುಳ್ಳಾಡಿದ್ದು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನಗೇ ಬಾಗಿ ಸುಮಿಮಾಸೆನ್, ಕ್ಷಮಿಸಿ, ಎಂದರು. ಆ ಚಿತ್ರವನ್ನು ಎಂದೂ ನೋಡಬೇಡ ಎಂದು ಅಪ್ಪ ಹೇಳಿದ್ದರು, ಗಂಡಸಿನ ಮತ್ಸರ ಅಂದುಕೊಂಡಿದ್ದೆ ಎಂದರು.

ಮುಂದಿನ ವಾರ ನಾನು ಹೋದಾಗ ಮದಾಮ್ ನನ್ನನ್ನು ನೀವು ಎಂದರು. ಆಮೇಲೆ ಹಾಗೇ ಉಳಿಯಿತು. ಮರೆವಿನಿಂದಲೋ, ಮರೆಯದೆ ಇದ್ದದ್ದರಿಂದಲೋ, ಹೇಳಲಾರೆ. ಸ್ನಾನದ ಕಿರುಚಾಟ ಮತ್ತೆ ಶುರುವಾಯಿತು, ಈ ಸಲ ಟವೆಲ್ ಕೊಟ್ಟರೂ ನಿಲ್ಲಲಿಲ್ಲ. ಊಟ ಕಡಿಮೆಯಾಯಿತು. ವಾರಕ್ಕೆರಡು ಬೆಳಿಗ್ಗೆ ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ, ಅವರು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಮತ್ತೊಂದು ಚಳಿಗಾಲ ಬಂದು, ಫೆಬ್ರವರಿಯಲ್ಲಿ ನ್ಯುಮೋನಿಯಾ ಆಗಿ ಆರು ದಿನದಲ್ಲಿ ತೀರಿಕೊಂಡರು.

ದಹನಕ್ಕೆ ಇದ್ದವರು ನಾಲ್ಕು ಜನ: ಮಗ, ಸೊಸೆ, ಆ ಆರೈಕೆದಾರಿಣಿ, ನಾನು. ಇಲ್ಲಿ ಸುಟ್ಟಾದ ಮೇಲೆ ಮನೆಯವರು ಎದುರುಬದುರು ನಿಂತು, ಒಂದೇ ಮೂಳೆಯನ್ನು ಇಬ್ಬರೂ ಚಾಪ್‌ಸ್ಟಿಕ್ಕಿನಲ್ಲಿ ಹಿಡಿದು ಕುಡಿಕೆಗೆ ಹಾಕುತ್ತಾರೆ. ನನ್ನ ಎದುರಿಗೆ ಮಗ ನಿಂತರು. ನನಗೆ ಅರ್ಹತೆ ಇಲ್ಲ ಎಂದೆ. "ಅಮ್ಮ ಕೊನೆಗೆ ಮಾತಾಡಿದ್ದು ನಿಮ್ಮ ಜೊತೆ. ಹಿಡ್ಕೊಳ್ಳಿ," ಎಂದರು. ಹಿಡಿದುಕೊಂಡೆ. ಮೂಳೆ ಒಮ್ಮೆ ಜಾರಿತು.

ಫ್ರೆಂಚ್ ಪತ್ರಿಕೆಯೊಂದರಲ್ಲಿ ಆರು ಸಾಲಿನ ಸುದ್ದಿ ಬಂತು. ಜೊತೆಗಿದ್ದ ಫೋಟೋ ನದಿಯದೇ.

ಮಗ ಮತ್ತು ನಾನು ಕೂತು ಆ ಸಂಸ್ಥೆಗೆ ಪತ್ರ ಬರೆದೆವು, ಅವರು ಜಪಾನಿಯಲ್ಲಿ, ನಾನು ಫ್ರೆಂಚಿನಲ್ಲಿ. ದೃಶ್ಯವನ್ನು ತೆಗೆಯಿರಿ ಎಂದು ಕೇಳಿದೆವು. ಆಗದಿದ್ದರೆ, ಚಿತ್ರ ಶುರುವಾಗುವ ಮೊದಲು ನಡೆದದ್ದನ್ನು ತೆರೆಯ ಮೇಲೆ ಬರೆದು ತೋರಿಸಿ, ಮದಾಮ್ ಥಿಯೇಟರಿನಲ್ಲಿ ನಿಜವಾಗಿ ಆಡಿದ ಮಾತನ್ನೂ ಹಾಕಿ ಎಂದೆವು. ಮೂರು ತಿಂಗಳ ಮೇಲೆ ಉತ್ತರ ಬಂತು. ಕಲಾಕೃತಿಗೆ ಕತ್ತರಿ ಹಾಕಲು ಸಾಧ್ಯವಿಲ್ಲ, ಬರಹ ಹಾಕುತ್ತೇವೆ ಎಂದಿತ್ತು. ಕರಡು ಕಳಿಸಿದ್ದರು. ಅದರಲ್ಲಿ, ಈ ದೃಶ್ಯದ ಚಿತ್ರೀಕರಣದ ಬಗ್ಗೆ ನಟಿಗೆ ಅಸಮಾಧಾನವಿತ್ತು ಎಂದು ಕುಟುಂಬದವರು ಹೇಳುತ್ತಾರೆ, ಎಂದು ಬರೆದಿತ್ತು. ನಾನು ಅದನ್ನು ಹೊಡೆದುಹಾಕಿ, ನಟಿಗೆ ತಿಳಿಸದೆ, ಅವರ ಒಪ್ಪಿಗೆ ಇಲ್ಲದೆ ಚಿತ್ರೀಕರಿಸಲಾಗಿದೆ ಎಂದು ತಿದ್ದಿದೆ. ಕೆಳಗೆ ಮದಾಮ್ ಕೇಳಿದ ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ಬರೆದು ಕಳಿಸಿದೆ.

ಒಂದು ವಾರದಲ್ಲಿ ಮಗ ಫೋನ್ ಮಾಡಿದರು. ಸಂಸ್ಥೆಯವರು ನನ್ನ ತಿದ್ದುಪಡಿಯನ್ನು ಒಪ್ಪಿದ್ದಾರಂತೆ. ಪ್ರಶ್ನೆಯನ್ನು ಮಾತ್ರ ಹಾಕಲಾಗದು, ಅಂಥ ಮಾತನ್ನು ಮದಾಮ್ ಆಡಿದರೆನ್ನುವುದಕ್ಕೆ ತಮ್ಮಲ್ಲಿ ದಾಖಲೆಯಿಲ್ಲ, ಅಂದು ಬರೆದಿಟ್ಟ ವರದಿಯಲ್ಲಿ ಜಪಾನಿ ಮಾತಷ್ಟೇ ಇದೆ, ಅದರಲ್ಲಿ ದುಭಾಷಿ ಬೇರೆಯೇ ಹೇಳಿದ್ದಾರೆ ಎಂದರಂತೆ.