ಕಿತ್ತಳೆ ಮರಕ್ಕೆ ಕಟ್ಟಿದ ರೇಡಿಯೋ

ನಮ್ಮ ಮಾವನಿಗೆ ಕೋತಿಗಳ ಮೇಲಿದ್ದ ಗಮನದಲ್ಲಿ ಕಾಲು ಭಾಗ ಮನೆಯವರ ಮೇಲಿದ್ದಿದ್ದರೆ ನಾನು ಆ ವರ್ಷ ಅಷ್ಟು ಒದ್ದಾಡಬೇಕಾಗಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಬೆಳಗೋಡಿನ ಹತ್ತಿರ ನಮ್ಮದು ನಾಲ್ಕೆಕರೆ ಕಾಫಿ, ಮನೆಗೆಲ್ಲ ಒಂದೇ ರೇಡಿಯೋ. ಭಾನುವಾರ ಬೆಳಿಗ್ಗೆ ಸಂಸ್ಕೃತಿ, ಮನಸ್ಸು, ಸಮಾಜ ಎಂದು ಬಲ್ಲವರನ್ನು ಕೂರಿಸಿ ಮಾತಾಡಿಸುತ್ತಿದ್ದರು. ಕೇಳುತ್ತಿದ್ದವಳು ರೊಟ್ಟಿ ತಟ್ಟುತ್ತಿದ್ದ ನಾನೊಬ್ಬಳೇ. ಶ್ರಾವಣದ ಒಂದು ಭಾನುವಾರ ಮನಸ್ಸಿನ ಡಾಕ್ಟರಮ್ಮ ಒಬ್ಬರು, ಹೆರಿಗೆಯಾದ ಮೇಲೆ ಕೆಲವರಿಗೆ ಕವಿಯುವ ಮಂಕಿನ ಬಗ್ಗೆ ಹೇಳಿದರು. ಕೂಸನ್ನು ಎತ್ತಿಕೊಳ್ಳಲು ಮನಸ್ಸಾಗದು, ಸುಮ್ಮಸುಮ್ಮನೆ ಅಳು ಬರುತ್ತದೆ, ಅದೊಂದು ಕಾಯಿಲೆ, ಔಷಧಿ ಇದೆ ಎಂದರು. ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು. ಬಾಣಂತನಕ್ಕೆ ಬಂದಿದ್ದ ನನ್ನ ನಾದಿನಿಯ ಸ್ಥಿತಿ ಅಕ್ಷರಶಃ ಅದೇ.

ಅತ್ತೆಗೆ ಹೇಳಿದೆ. "ಕಾಯಿಲೆನೂ ಇಲ್ಲ, ಕಸಾಲೆನೂ ಇಲ್ಲ. ಕೊಬ್ಬು ಕಣೆ! ಗಂಡನ ಮನೇಲಿ ನಾಕು ದಿನ ಗೇದ್ರೆ ಎಲ್ಲಾ ಸರಿ ಆಯ್ತದೆ," ಎಂದರು. ಗಂಡನಿಗೆ ಹೇಳಿದೆ. "ಅವ್ವನ್ನ ಕೇಳು," ಎಂದರು. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಇದೇ ಅತ್ತೆ, ಮಳೆ ಬರುತ್ತದೆ ಎಂದು ರೇಡಿಯೋ ಹೇಳಿದರೆ ಸಾಕು, ಸುಡುಬಿಸಿಲಲ್ಲೂ ಕಣದ ಕಾಫಿ ಬಾಚಿಸಿ ಗುಡ್ಡೆ ಹಾಕಿಸುತ್ತಿದ್ದರು. ಸೊಸೆ ಬಾಯಿಂದ ಬಂದದ್ದು ಮಾತ್ರ ಸುಳ್ಳು.

ಡಿಸೆಂಬರಿನಲ್ಲಿ ರೇಡಿಯೋದವರು, ಆ ವರ್ಷ ಜನ ಮೆಚ್ಚಿದ ಮಾತುಕತೆಗಳನ್ನು ಮತ್ತೆ ಕೇಳಿಸುತ್ತೇವೆ, ಕಾಗದ ಬರೆಯಿರಿ ಎಂದರು. ಐದು ಹೆಸರಿನಲ್ಲಿ ಐದು ಕಾರ್ಡು ಬರೆದು ಹಾಕಿದೆ. ಪುಣ್ಯಕ್ಕೆ, ಮುಂದಿನ ಭಾನುವಾರ ಡಾಕ್ಟರಮ್ಮನ ಸರದಿ ಎಂದರು. ಆದರೆ ಅದರ ಮಾರನೆಯ ದಿನವೇ ನಾದಿನಿಯನ್ನು ಗಂಡನ ಮನೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮಗು ಅತ್ತರೂ ಏಳದ ಹೆಂಗಸನ್ನು ಆ ಮನೆಯವರು ಹರಿದು ತಿನ್ನುವುದು ಖಂಡಿತವಾಗಿತ್ತು. ಅತ್ತೆ ಆ ಅರ್ಧ ಗಂಟೆ ಕಿವಿಗೊಟ್ಟರೆ ಹುಡುಗಿ ಹಾಸನದ ಆಸ್ಪತ್ರೆಗೆ ಹೋಗಬಹುದು ಎಂಬುದೇ ನನ್ನ ಆಸೆ.

ಆ ಭಾನುವಾರ ನೋಡಿದರೆ ರೇಡಿಯೋ ಜಾಗದಲ್ಲಿಲ್ಲ! ಕಿತ್ತಳೆ ಹಣ್ಣಾಗಿತ್ತು, ಮಾವ ರೇಡಿಯೋವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೋಟದ ಮರಕ್ಕೆ ಕಟ್ಟಿಬಿಟ್ಟಿದ್ದರು. "ಹಾಡಿಗೆಲ್ಲ ಕೋತಿ ಹೆದ್ರಲ್ಲ ಕಣವ್ವ, ಜನ ಮಾತಾಡ್ದಂಗೆ ಇರ್ಬೇಕು," ಎನ್ನುವುದು ಅವರ ವಾದ. ವರ್ಷವಿಡೀ ನನ್ನನ್ನು ಬಿಟ್ಟು ಯಾರೂ ಕೇಳದ ಮಾತುಕತೆಗೆ ಮನೆಯಲ್ಲಿ ಸಿಕ್ಕ ಬೆಲೆ ಅದೊಂದೇ.

ಸೌದೆ ತರೋಣ ಬನ್ನಿ ಎಂದು ಸುಳ್ಳು ಹೇಳಿ ಅತ್ತೆಯನ್ನು ತೋಟಕ್ಕೆ ಎಳೆದುಕೊಂಡು ಹೋದೆ. ಮರದ ಮೇಲಿಂದ ಡಾಕ್ಟರಮ್ಮ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕೊನೆಯವರೆಗೂ ಕೇಳಿದರು.

"ಚೆನ್ನಾಗಿ ಮಾತಾಡ್ತಾಳೆ ಕಣೆ. ಪ್ಯಾಟೆ ಹೆಂಗಸ್ರಿಗೆ ಏನೇನೋ ಬತ್ತವೆ, ಪಾಪ," ಎಂದು ಒಣ ಪುಳ್ಳೆ ಆರಿಸಿಕೊಂಡು ಮನೆಯ ಕಡೆ ಹೊರಟೇಬಿಟ್ಟರು. ಐದು ಕಾರ್ಡು ಬರೆದ ಕೈಯನ್ನು ಕಚ್ಚಿಕೊಳ್ಳಬೇಕು ಅನ್ನಿಸಿತು.

ತಿರುಗಿ ನೋಡಿದರೆ ಕಾಫಿ ಗಿಡಗಳ ಪಕ್ಕದಲ್ಲಿ ನಾದಿನಿ ನಿಂತಿದ್ದಳು. ಯಾವಾಗ ನಮ್ಮ ಹಿಂದೆ ಬಂದಳೋ ತಿಳಿಯದು. ಮುಖವೆಲ್ಲ ಒದ್ದೆ.

"ಅತ್ತಿಗೆ, ನಂಗಿರೋದು ಅದೇ ಅಲ್ವಾ?"

"ಹೂಂ."

"ಇದು ಮೊದ್ಲು ಬಂದಾಗ್ಲೂ ಕೇಳಿದ್ರಾ?"

"ಶ್ರಾವಣದಲ್ಲೇ ಕೇಳಿದ್ದೆ. ಅತ್ತೇಗೂ ಹೇಳಿದ್ದೆ, ನಿಮ್ಮಣ್ಣಂಗೂ ಹೇಳಿದ್ದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇಷ್ಟು ತಿಂಗ್ಳು ನಾನೇ ಕೆಟ್ಟ ತಾಯಿ ಅಂದ್ಕಂಡು ಸಾಯ್ತಾ ಇದ್ನಲ್ಲ ಅತ್ತಿಗೆ. ನಂಗ್ಯಾಕೆ ಹೇಳ್ಲಿಲ್ಲ?"

ಮಾರನೆಯ ದಿನ ಯಾರನ್ನೂ ಕೇಳದೆ ಅವಳನ್ನೂ ಕೂಸನ್ನೂ ಕರೆದುಕೊಂಡು ಹಾಸನದ ಬಸ್ಸು ಹತ್ತಿದೆ. ಆಲೂರು ದಾಟಿದರೂ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ.